ರಸ್ತೆ ಒಣಗಿದ ಮೇಲೆ ಬಂದರೆ ಏನು ಕಾಣುತ್ತೆ?

ಸಂಪಾದಕರೇ,

ನಾನು ಸಂಡೂರು ತಾಲೂಕಿನ ಒಬ್ಬ ರೈತ. ಮೇಲೆ ಕಬ್ಬಿಣದ ಅದಿರಿನ ಗಣಿ, ಕೆಳಗೆ ನಮ್ಮ ಹೊಲ, ನಡುವೆ ಒಂದು ಹಳ್ಳ. ಹೋದ ವಾರ ಹಸ್ತಿ ಮಳೆ ಒಂದೇ ರಾತ್ರಿ ಸುರಿದುಬಿಟ್ಟಿತು. ಬೆಳಿಗ್ಗೆ ಹೋಗಿ ನೋಡಿದರೆ ಹಳ್ಳದ ತುಂಬ ಕೆಂಪು ರಾಡಿ. ಮೆಕ್ಕೆಜೋಳದ ಅಂಚಿನ ನಾಲ್ಕು ಸಾಲಿನ ಬುಡದಲ್ಲಿ ಗೇಣುದ್ದ ಮಣ್ಣು ಕೂತಿತ್ತು.

ಸುಮ್ನೆ ಒಂದು ಲೀಟರ್ ಬಾಟಲಿಯಲ್ಲಿ ಆ ನೀರು ಹಿಡಿದು ಮನೆಯ ಕಿಟಕಿಯಲ್ಲಿಟ್ಟೆ. ಮಾರನೇ ದಿನ ತಳದಲ್ಲಿ ಹೆಬ್ಬೆರಳು ದಪ್ಪ ಮಣ್ಣು. ಮೇಲಿನ ನೀರು ಆಗಲೂ ಚಹಾದ ಬಣ್ಣ. ಹೊರಗೆ ಬಿಡುವ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂಗಿಂತ ಜಾಸ್ತಿ ಮಣ್ಣು ತೇಲಬಾರದು ಅಂತ ನಿಯಮ ಇದೆ. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ ಅದು!

ಹಳ್ಳದ ಗುಂಟ ಮೇಲಕ್ಕೆ ನಡೆದೆ. ಚೆಕ್ ಡ್ಯಾಂ ಇದೆ, ಚೆನ್ನಾಗಿಯೇ ಕಟ್ಟಿದ್ದಾರೆ. ಆದರೆ ಹೂಳು ಕೋಡಿಯ ಮಟ್ಟಕ್ಕೆ ಬಂದಿದೆ, ನೀರು ನಿಲ್ಲುವುದಕ್ಕೆ ಜಾಗವೇ ಇಲ್ಲ, ಬಂದಷ್ಟೂ ಮೇಲಿಂದಲೇ ಹಾದುಹೋಗುತ್ತದೆ. ಇನ್ನೂ ಮೇಲೆ, ಬೇಲಿಯಾಚೆ ನೀರು ತಿಳಿಯಾಗಲಿ ಅಂತ ಮಾಡಿದ ತೊಟ್ಟಿ ಕಾಣುತ್ತದೆ. ಅದರದ್ದೂ ಇದೇ ಕಥೆ. ಮರಳು ಬೇಗ ತಳಕ್ಕಿಳಿಯುತ್ತೆ, ನುಣ್ಣನೆಯ ಕೆಂಪು ಪುಡಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೂರಬೇಕು, ಅಲ್ವಾ? ತೊಟ್ಟಿಯ ಅರ್ಧಕ್ಕಿಂತ ಜಾಸ್ತಿ ಹೂಳೇ ಇದ್ದರೆ ನೀರು ಈ ಕಡೆ ಬಂದು ಆ ಕಡೆ ಹೋಗಿಬಿಡುತ್ತೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ, ಗೋಕಟ್ಟೆ ನೋಡಿದವರಿಗೆಲ್ಲ ಗೊತ್ತು.

ನನಗೆ ತಲೆ ಕೆಟ್ಟಿದ್ದು ಇನ್ನೊಂದಕ್ಕೆ. ಬೇಸಿಗೆಯಲ್ಲಿ ಜೆಸಿಬಿ ತಂದು ತೊಟ್ಟಿಯಿಂದ ಸ್ವಲ್ಪ ಹೂಳು ಎತ್ತಿದ್ದರು. ಎತ್ತಿ ಎಲ್ಲಿ ಹಾಕಿದ್ದರು ಗೊತ್ತಾ? ಅದೇ ತೊಟ್ಟಿಯ ದಂಡೆಯ ಮೇಲೆ. ಈ ಮಳೆಗೆ ಆ ಗುಡ್ಡೆಯಲ್ಲಿ ಅರ್ಧ ಮತ್ತೆ ಒಳಗೇ ಇಳಿದಿದೆ. ಬಿಲ್ಲು ಮಾತ್ರ ಪೂರ್ತಿ ಆಗಿರುತ್ತೆ ಬಿಡಿ.

ಅದರ ಹಿಂದೆ ಗಣಿಯ ಮಣ್ಣು ಸುರಿದ ಡಂಪು. ಇಳಿಜಾರಿಗೆ ಹೊದಿಸಿದ ತೆಂಗಿನ ನಾರಿನ ಚಾಪೆ ಒಂದು ಕಡೆ ಕಿತ್ತು ಜೋತು ಬಿದ್ದಿದೆ. ಜೂನ್‌ನಲ್ಲಿ ಅಲ್ಲಿ ಬೆರಳು ತೂರುವಷ್ಟು ಸಣ್ಣ ಗೀರು ಇತ್ತು, ನಾನೇ ನೋಡಿದ್ದೆ. ಈಗ ಅದರೊಳಗೆ ಆಳು ನಿಂತರೆ ತಲೆ ಕಾಣುವುದಿಲ್ಲ. ಜೂನ್‌ನಲ್ಲೇ ನಾಲ್ಕು ಬುಟ್ಟಿ ಕಲ್ಲು ಹಾಕಿದ್ದರೆ ಮುಗಿದುಹೋಗುತ್ತಿತ್ತು.

ಗೇಟಿನ ಕಾವಲುಗಾರನನ್ನು ಕೇಳಿದೆ, ಇದನ್ನೆಲ್ಲ ನೋಡೋಕೆ ಯಾರೂ ಬರಲ್ವಾ ಅಂತ. 'ರಸ್ತೆ ಜಾರ್ತದ್ರೀ, ಒಣಗಿದ ಮೇಲೆ ಬರ್ತಾರ ಸಾಹೇಬ್ರು' ಅಂದ. ಪಾಪ, ಅವನದ್ದೇನೂ ತಪ್ಪಿಲ್ಲ. ಆದರೆ ಒಣಗಿದ ಮೇಲೆ ಬಂದರೆ ಕಾಣುವುದು ಗೋಡೆ, ಚರಂಡಿ, ತೊಟ್ಟಿ, ಎಲ್ಲ ಇದ್ದಲ್ಲೇ ಇವೆ. ಫೋಟೊ ಚೆನ್ನಾಗಿ ಬರುತ್ತೆ. ನೀರು ಯಾವ ಕಡೆಯಿಂದ ತಪ್ಪಿಸಿಕೊಂಡು ಹೋಯಿತು ಅನ್ನುವುದು ಮಳೆ ಬಂದ ದಿನ, ಹೆಚ್ಚೆಂದರೆ ಮಾರನೇ ದಿನ ಮಾತ್ರ ಕಾಣುತ್ತೆ.

ಗಣಿಯ ಹೂಳು ತಡೆಯಿರಿ ಅಂತ ಕೇಳುವುದೇನು ಹೊಸದಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಒಂದೊಂದು ಲೀಸಿಗೂ ಪುನಶ್ಚೇತನ ಯೋಜನೆ ಮಾಡಿಸಿ, ಅದರಂತೆ ನಡೆದುಕೊಂಡವರಿಗೆ ಮಾತ್ರ ಮತ್ತೆ ಅನುಮತಿ ಸಿಕ್ಕಿದ್ದು. ಈ ಚೆಕ್ ಡ್ಯಾಂ, ತಡೆಗೋಡೆ, ಡಂಪಿನ ಸುತ್ತಲಿನ ಚರಂಡಿ ಎಲ್ಲ ಆ ಯೋಜನೆಯಿಂದಲೇ ಬಂದವು. ಅದಕ್ಕೂ ಮೊದಲು ಕುದುರೆಮುಖದ ಗಣಿ ಮುಚ್ಚಿಸಿದಾಗ ಭದ್ರಾ ನದಿಗೆ ಸೇರುತ್ತಿದ್ದ ಹೂಳಿನ ಮಾತೇ ಎಷ್ಟು ನಡೆದಿತ್ತು! 2022ರಲ್ಲಿ ಬಳ್ಳಾರಿಯ ಅದಿರಿನ ಮಿತಿ ವರ್ಷಕ್ಕೆ 28ರಿಂದ 35 ದಶಲಕ್ಷ ಟನ್‌ಗೆ ಏರಿತು. ಅದಿರು ಜಾಸ್ತಿ ತೆಗೆದರೆ ಡಂಪಿಗೆ ಬೀಳುವ ಮಣ್ಣೂ ಜಾಸ್ತಿ ತಾನೇ? ತೊಟ್ಟಿ ಮಾತ್ರ ಅಷ್ಟೇ ಇದೆ.

ಹೂಳು ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ 105ರ ಆಸುಪಾಸಿಗೆ ಬಂದು ನಿಂತಿದೆ. ಅದೆಲ್ಲ ಗಣಿ ಮಣ್ಣು ಅಂತ ನಾನು ಹೇಳುವುದಿಲ್ಲ, ಹೊಲಗಳ ಮಣ್ಣೂ ಇದೆ. ಆದರೆ ಅಲ್ಲಿ ಒಮ್ಮೆ ಕೂತ ಹೂಳನ್ನು ತೆಗೆಯುವುದು ಯಾರ ಕೈಲೂ ಆಗಿಲ್ಲ. ಗಣಿಯ ಬುಡದ ತೊಟ್ಟಿಯಲ್ಲಾದರೆ ಎರಡು ಜೆಸಿಬಿ, ನಾಲ್ಕು ಟಿಪ್ಪರ್ ಸಾಕು.

ಜೋರು ಮಳೆ ಬಂದ ಮಾರನೇ ದಿನವೇ ಅಧಿಕಾರಿಗಳು ಬರಲಿ, ಊರಿನ ಇಬ್ಬರನ್ನು ಜೊತೆಗೆ ಕರೆದುಕೊಳ್ಳಲಿ. ಡಂಪಿನ ತುದಿಯಿಂದ ಹಳ್ಳದವರೆಗೆ ನೀರು ಹೋದ ದಾರಿಯಲ್ಲೇ ನಡೆಯಲಿ. ರಸ್ತೆ ಜಾರಿದರೆ ಜೀಪು ಕೆಳಗೇ ನಿಲ್ಲಿಸಲಿ, ನಾವು ದಿನಾ ನಡೆಯುವುದಿಲ್ಲವೇ? ಅರ್ಧ ತುಂಬಿದ ತೊಟ್ಟಿಯನ್ನು ಆಗಲೇ ಖಾಲಿ ಮಾಡಿಸಿ, ತೆಗೆದ ಹೂಳನ್ನು ನೀರು ಮುಟ್ಟದ ಕಡೆ ಹಾಕಿಸಲಿ.

ಇನ್ನೇನು ಚಿತ್ತಿ ಮಳೆ ಹಿಡಿಯುತ್ತೆ. ಅದಕ್ಕೆ ಮೊದಲು ಆ ದಂಡೆಯ ಮೇಲಿನ ಗುಡ್ಡೆಯನ್ನಾದರೂ ಎತ್ತಿಸಲಿ.

– ಒಬ್ಬ ರೈತ, ಸಂಡೂರು ತಾಲೂಕು