ಮಂಗನ ಕಾಯಿಲೆ ವೈರಸ್ಸಲ್ಲಿರೋದು ಡಿಎನ್‌ಎ ಅಲ್ಲ, ಆರ್‌ಎನ್‌ಎ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಶಿವಮೊಗ್ಗ ಪುಟದಲ್ಲಿ ಮಂಗನ ಕಾಯಿಲೆ ಸುದ್ದಿಗೆ "ರಕ್ತದಲ್ಲಿ ವೈರಸ್‌ನ ಡಿಎನ್‌ಎ ಪತ್ತೆ" ಅಂತ ಹೆಡ್ಡಿಂಗ್ ಹಾಕಿದ್ರಿ. ಅದು ಆರ್‌ಎನ್‌ಎ ಆಗಬೇಕಿತ್ತು. ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಸೈನ್ಸ್ ಪಾಠ ಮಾಡೋಳು, ಓದಿದ್ದು ಕೆಮಿಸ್ಟ್ರಿ. ಇಷ್ಟು ಸಣ್ಣ ವಿಷಯಕ್ಕೆ ಪತ್ರ ಯಾಕೆ ಅಂತ ಅನ್ನಿಸಬಹುದು ನಿಮಗೆ, ಆದ್ರೆ ಈ ವ್ಯತ್ಯಾಸ ಗೊತ್ತಿಲ್ದೆ ನಮ್ಮೂರಲ್ಲಿ ಆದ ಜಗಳ ಕಣ್ಣಾರೆ ನೋಡಿದೀನಿ, ಅದಕ್ಕೇ ಬರೀತಿದೀನಿ.

ಎರಡು ವರ್ಷದ ಹಿಂದೆ ಫೆಬ್ರವರೀಲಿ ಪಕ್ಕದ ಮನೆ ದೊಡ್ಡಮ್ಮಂಗೆ ಜ್ವರ ಬಂತು. ಸೊಪ್ಪಿನಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ತರೋಕೆ ಹೋಗಿ ಬಂದು ಒಂದು ವಾರ ಆಗಿತ್ತು, ಮೈಕೈ ನೋವು, ತಲೆ ಎತ್ತೋಕೇ ಆಗ್ತಿರ್ಲಿಲ್ಲ. ಮಂಗನ ಕಾಯಿಲೆ ಟೆಸ್ಟಿಗೆ ಅಂತ ಆಸ್ಪತ್ರೆಯವರು ರಕ್ತ ತಗೊಂಡು ಹೋದ್ರು. ಎರಡು ದಿನ ಬಿಟ್ಟು ಮತ್ತೆ ಬಂದು, ಬಾಕ್ಸಲ್ಲಿ ಐಸ್ ಕರಗಿ ಸ್ಯಾಂಪಲ್ ಹಾಳಾಗಿದೆ, ಇನ್ನೊಂದ್ಸಲ ಕೊಡಿ ಅಂದ್ರು. ಅವರ ಮಗ ಕೊಡಲ್ಲ ಅಂತ ಬಾಗಿಲಿಗೆ ಅಡ್ಡ ನಿಂತ. ಕೊಲೆ ಕೇಸಲ್ಲಿ ಎಷ್ಟೋ ವರ್ಷ ಆದ್ಮೇಲೆ ಮೂಳೆಯಿಂದ ಡಿಎನ್‌ಎ ತೆಗೀತಾರಂತೆ, ನಮ್ಮಮ್ಮನ ರಕ್ತ ಎರಡೇ ದಿನಕ್ಕೆ ಕೆಟ್ಟೋಯ್ತಾ, ಯಾರಿಗೆ ಹೇಳ್ತೀರಿ ಇದನ್ನ ಅಂತ ಕೂಗಾಡಿದ. ನಿಜ ಹೇಳ್ಬೇಕಂದ್ರೆ ಆ ಹುಡುಗ ಕೇಳಿದ್ದು ಬಹಳ ಒಳ್ಳೆ ಪ್ರಶ್ನೆ. ಉತ್ತರ ಹೇಳೋರು ಅಲ್ಲಿ ಯಾರೂ ಇರ್ಲಿಲ್ಲ ಅಷ್ಟೇ.

ಡಿಎನ್‌ಎ ಆಗ್ಲಿ ಆರ್‌ಎನ್‌ಎ ಆಗ್ಲಿ ಎರಡೂ ವಂಶವಾಹಿ ಮಾಹಿತಿ ಹೊರೋ ಉದ್ದನೆ ಸರ ಇದ್ದ ಹಾಗೆ. ಒಂದೊಂದು ಮಣೀಲೂ ಐದು ಕಾರ್ಬನ್ನಿನ ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಬೇಸ್ ಇರುತ್ತೆ, ಸಕ್ಕರೆಗೆ ಫಾಸ್ಫೇಟ್, ಫಾಸ್ಫೇಟಿಗೆ ಮುಂದಿನ ಸಕ್ಕರೆ ಅಂತ ಕೂಡಿಕೊಂಡು ಹೋಗಿ ಎಳೆ ಆಗುತ್ತೆ. ಡಿಎನ್‌ಎಯಲ್ಲಿ ಇಂಥ ಎರಡು ಎಳೆ, ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಸುತ್ಕೊಂಡಿರ್ತವೆ, ಒಳಗಡೆ ಬೇಸ್‌ಗಳು ಜೋಡಿ ಜೋಡಿಯಾಗಿ, ಅಡೆನಿನ್ ಎದುರು ಥೈಮಿನ್, ಗ್ವಾನಿನ್ ಎದುರು ಸೈಟೋಸಿನ್, ಮೊದಲ್ನೇ ಜೋಡಿಗೆ ಎರಡು ಹೈಡ್ರೋಜನ್ ಬಾಂಡ್, ಎರಡನೇದಕ್ಕೆ ಮೂರು. ಇದನ್ನ 1953ರಲ್ಲಿ ವಾಟ್ಸನ್, ಕ್ರಿಕ್ ಹೇಳಿದ್ರು ಅಂತ ಎಲ್ಲರೂ ಬರೀತಾರೆ, ಅದಕ್ಕೆ ಆಧಾರವಾದ ಎಕ್ಸ್‌ರೇ ಚಿತ್ರ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ತೆಗೆದದ್ದು, ನಾನಂತೂ ಆಯಮ್ಮನ ಹೆಸರು ಹೇಳದೆ ಈ ಪಾಠ ಮುಗಿಸಲ್ಲ.

ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ, ಥೈಮಿನ್ ಜಾಗದಲ್ಲಿ ಯುರಾಸಿಲ್. ಆದ್ರೆ ಆ ಹುಡುಗನ ಪ್ರಶ್ನೆಗೆ ಉತ್ತರ ಇರೋದು ಸಕ್ಕರೇಲಿ. ಆರ್‌ಎನ್‌ಎಯ ಸಕ್ಕರೆ ರೈಬೋಸ್, ಅದರ ಎರಡನೇ ಕಾರ್ಬನ್ನಿಗೆ ಒಂದು ಓಎಚ್, ಅಂದ್ರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ಅಂಟಿಕೊಂಡಿರುತ್ತೆ, ಡಿಎನ್‌ಎಯ ಸಕ್ಕರೇಲಿ ಅದೇ ಜಾಗಕ್ಕೆ ಬರೀ ಎಚ್. ಡಿಆಕ್ಸಿರೈಬೋಸ್ ಅನ್ನೋ ಹೆಸರಲ್ಲೇ ಇದೆಯಲ್ಲ, ಒಂದು ಆಕ್ಸಿಜನ್ ಕಳೆದದ್ದು ಅಂತ. ಮಕ್ಕಳು ಫುಲ್‌ಫಾರ್ಮ್ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಹೋಗ್ತಾರೆ, ಆ ಹೆಸರು ಏನು ಹೇಳ್ತಿದೆ ಅಂತ ಯಾರೂ ಕೇಳಲ್ಲ, ನಂಗೆ ಇದು ತುಂಬಾ ಬೇಜಾರು. ಆ ಒಂದು ಓಎಚ್ ತನ್ನ ಪಕ್ಕದ ಫಾಸ್ಫೇಟ್ ಕೊಂಡಿಗೇ ಕೈ ಹಾಕಿ ಎಳೇನ ಕತ್ತರಿಸಿಬಿಡಬಲ್ಲದು. ಜೊತೆಗೆ ಆರ್‌ಎನ್‌ಎ ಕತ್ತರಿಸೋ ಎಂಜೈಮ್‌ಗಳು ನಮ್ಮ ರಕ್ತದಲ್ಲಿ, ಬೆವರಲ್ಲಿ, ಬೆರಳ ತುದೀಲೂ ಇರ್ತವೆ, ಅವುಗಳಲ್ಲಿ ಎಷ್ಟೋ ಇದೇ ಓಎಚ್ ಹಿಡ್ಕೊಂಡೇ ಕೆಲಸ ಮಾಡೋದು. ಸೆಕೆ ಆದಷ್ಟೂ ಅವುಗಳ ಕೆಲಸ ಜೋರು, ತಣ್ಣಗಿದ್ರೆ ನಿಧಾನ, ಐಸ್ ಬಾಕ್ಸ್ ಇರೋದು ಅದಕ್ಕೇ. ಡಿಎನ್‌ಎಗೆ ಆ ಓಎಚ್ ಇಲ್ಲ, ಮೇಲಿಂದ ಎರಡೆಳೆಯ ಆಸರೆ, ಹಾಗಾಗಿ ಮೂಳೇಲಿ ಹಲ್ಲಲ್ಲಿ ವರ್ಷಾನುಗಟ್ಟಲೆ ಉಳಿಯುತ್ತೆ. ಸೈಬೀರಿಯಾದ ಹಿಮದಲ್ಲಿ ಹೂತುಹೋಗಿದ್ದ ಮ್ಯಾಮತ್ (ಅಳಿದುಹೋದ ಆನೆ ಜಾತಿ) ಹಲ್ಲಿಂದ 10 ಲಕ್ಷ ವರ್ಷಕ್ಕಿಂತ ಹಳೇ ಡಿಎನ್‌ಎ ಓದಿದಾರೆ.

ಇನ್ನು ನಮ್ಮ ವೈರಸ್ಸು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತು ಸಿಕ್ಕಿದ್ದು ಇದು. ಮಂಗಕ್ಕೆ ಡಿಎನ್‌ಎ ಇದೆ, ಕಚ್ಚಿ ಈ ಕಾಯಿಲೆ ಹರಡೋ ಉಣುಗಿಗೂ ಇದೆ, ನಮ್ಮ ತೋಟದ ಅಡಿಕೆ ಮರಕ್ಕೂ ಇದೆ, ಈ ವೈರಸ್ಸಿಗೆ ಮಾತ್ರ ಇಲ್ಲವೇ ಇಲ್ಲ, ಸುಮಾರು 11 ಸಾವಿರ ಅಕ್ಷರದ (ಒಂದೊಂದು ಬೇಸೂ ಒಂದೊಂದು ಅಕ್ಷರ) ಒಂಟಿ ಎಳೆ ಆರ್‌ಎನ್‌ಎ, ಅಷ್ಟೇ ಅದರ ಬಂಡವಾಳ. ಮನುಷ್ಯರ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಜೋಡಿ ಇದಾವೆ, ಅದರ ಮುಂದೆ ಇದೆಷ್ಟು ಅಂತ ನೋಡಿ, ಆದ್ರೂ ಮನುಷ್ಯನ್ನ ಮಲಗಿಸಿಬಿಡುತ್ತೆ.

ನಿಮ್ಮ ವರದಿಗಾರರಿಗೆ ಎಲ್ಲಿ ಗೊಂದಲ ಆಗಿರಬಹುದು ಅಂತಾನೂ ನಂಗೆ ಅಂದಾಜಿದೆ. ಆರ್‌ಟಿ-ಪಿಸಿಆರ್ ಟೆಸ್ಟಲ್ಲಿ ಮೊದಲು ವೈರಸ್ಸಿನ ಆರ್‌ಎನ್‌ಎಯನ್ನ ನೋಡ್ಕೊಂಡು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನೋ ಎಂಜೈಮಿಂದ ಡಿಎನ್‌ಎ ನಕಲು ಮಾಡ್ತಾರೆ, ಆರ್‌ಟಿ ಅನ್ನೋದು ಅದೇ, ಆ ಎಂಜೈಮನ್ನ 1970ರಲ್ಲಿ ಟೆಮಿನ್ ಮತ್ತೆ ಬಾಲ್ಟಿಮೋರ್ ಅನ್ನೋ ವಿಜ್ಞಾನಿಗಳು ಕಂಡುಹಿಡಿದದ್ದು, ಆಮೇಲೆ ಆ ನಕಲನ್ನ ಒಂದಕ್ಕೆರಡು ಎರಡಕ್ಕೆ ನಾಲ್ಕು ಅಂತ ಹೆಚ್ಚಿಸ್ತಾರೆ. ಮೆಷಿನ್ನು ಎಣಿಸೋದು ಡಿಎನ್‌ಎನೇ ಹೌದು, ಆದ್ರೆ ಅದು ಲ್ಯಾಬಲ್ಲಿ ಹುಟ್ಟಿದ್ದು. ದೊಡ್ಡಮ್ಮನ ರಕ್ತದಲ್ಲಿದ್ದಿದ್ದು ಆರ್‌ಎನ್‌ಎ. ದಾರೀಲೇ ಅದು ಚೂರಾದ್ರೆ ನಕಲು ಮಾಡೋಕೆ ಏನೂ ಉಳಿಯಲ್ಲ, ಕಾಯಿಲೆ ಇದ್ದವರಿಗೂ ನೆಗೆಟಿವ್ ಬಂದುಬಿಡಬಹುದು.

ಅವತ್ತು ನಾನು ಕ್ಯಾಲೆಂಡರ್ ಹಾಳೆ ಹಿಂದೆ ಎರಡೂ ಸಕ್ಕರೆ ಬರೆದು ಆ ಹುಡುಗಂಗೆ ತೋರಿಸ್ದೆ. ಸುಮಾರು ಹೊತ್ತು ನೋಡಿ, ಇಷ್ಟೇನಾ ಟೀಚರ್ ಅಂದ. ಸಂಜೆ ರಕ್ತ ಕೊಟ್ರು, ಪಾಸಿಟಿವ್ ಬಂತು, ದೊಡ್ಡಮ್ಮ ಹದಿನೈದು ದಿನ ಆಸ್ಪತ್ರೇಲಿದ್ದು ಹುಷಾರಾಗಿ ಮನೆಗೆ ಬಂದ್ರು.

ಮೇ ತಿಂಗಳವರೆಗೂ ನಮ್ಮ ಕಡೆ ಕೇಸು ಬರ್ತಾನೇ ಇರ್ತವೆ, ಅದಕ್ಕೆ ತಿದ್ದುಪಡೀನ ಆದಷ್ಟು ಬೇಗ ಹಾಕಿ, ಮೂಲೇಲಿ ಸಣ್ಣದಾಗಿ ಬೇಡ, ಎರಡು ಸಕ್ಕರೆಗಳ ಚಿತ್ರಾನೂ ಅಕ್ಕಪಕ್ಕ ಪ್ರಿಂಟ್ ಮಾಡಿ. ಚಿತ್ರ ನಾನೇ ಬರೆದು ಈ ಪತ್ರದ ಜೊತೆ ಇಟ್ಟಿದೀನಿ, ಎರಡನೇ ಕಾರ್ಬನ್ನಿಗೆ ಕೆಂಪು ಇಂಕಲ್ಲಿ ಗುರುತು ಹಾಕಿದೀನಿ.

ಇಂತಿ,
ಒಬ್ಬ ಸೈನ್ಸ್ ಟೀಚರ್, ಸಾಗರ ತಾಲ್ಲೂಕು