ರಾಜನ ಮನೆಯವರ ಹತ್ತಿರ ಮಾತಾಡುವಾಗ

ಎಲ್ಲರಿಗೂ ನಮಸ್ಕಾರ. ಮೂರನೇ ಕ್ರಾಸಿನ ಮನೆಯ ನಾಯಿ, ನಮ್ಮ ರಾಜ, ನಿನ್ನೆ ರಾತ್ರಿ ತೀರಿಕೊಂಡ. 13 ವರ್ಷ ಆಗಿತ್ತು. ಬೆಳಿಗ್ಗೆ ಅವನ ಮನೆಯವರ ತೋಟದಲ್ಲೇ ಮಣ್ಣು ಮಾಡಿ ಬಂದೆವು.

ದಯವಿಟ್ಟು ‘ನಾಯಿ ತಾನೇ, ಇನ್ನೊಂದು ಮರಿ ತಂದರಾಯಿತು’ ಅಂತ ಯಾರೂ ಹೇಳಬೇಡಿ. ನಮ್ಮ ನಾಯಿ ಚಿನ್ನು ಹೋದಾಗ ನನಗೂ ಹೀಗೇ ಹೇಳಿದ್ದರು. ತುಂಬಾ ನೋವಾಗಿತ್ತು. ಮೊಸರನ್ನ ಕಲಸುವಾಗ ಕೈ ತಾನಾಗಿಯೇ ಅವಳಿಗೊಂದು ತುತ್ತು ಎತ್ತಿಡುತ್ತಿತ್ತು. ಗೇಟಿನ ಚಿಲಕ ಸದ್ದಾದರೆ ಈಗಲೂ ಬಾಗಿಲ ಕಡೆ ನೋಡುತ್ತೇನೆ. ರಾಜನ ಮನೆಯವರು ಅತ್ತರೆ ಅಳಲಿ ಬಿಡಿ. ಸುಮ್ನೆ ಪಕ್ಕದಲ್ಲಿ ಕೂತರೆ ಸಾಕು. ರಾಜನ ಫೋಟೋ ಇದ್ದರೆ ಕಳಿಸಿ, ಅವರಿಗೆ ಬೇಕಾಗುತ್ತದೆ.

ಅವರ ಮನೆಯ ಮಗುವಿಗೆ ‘ಊರಿಗೆ ಹೋಗಿದ್ದಾನೆ’, ‘ಮಲಗಿದ್ದಾನೆ’ ಅನ್ನಬೇಡಿ. ಅದು ದಿನಾ ಕಾಯುತ್ತಾ ಕೂರುತ್ತದೆ. ಮಲಗೋದಕ್ಕೂ ಹೆದರಬಹುದು. ಸತ್ತುಹೋದ ಅಂತ ಮೆಲ್ಲಗೆ ನಿಜವನ್ನೇ ಹೇಳೋಣ.

ಇನ್ನೊಂದು ಮಾತು. ಅವರ ಮನೆಯ ಇನ್ನೊಂದು ನಾಯಿ ರಾಣಿ, ರಾಜನ ಗೋಣಿಚೀಲದ ಮೇಲೆ ಮೂತಿ ಇಟ್ಟುಕೊಂಡು ಮಲಗಿದ್ದಾಳೆ. ಬೆಳಿಗ್ಗೆ ಊಟ ಮುಟ್ಟಿಲ್ಲ. ಜೊತೆಗಾರ ಹೋದರೆ ನಾಯಿಗಳೂ ಮಂಕಾಗುತ್ತವೆ, ಅಲ್ವಾ? ನಾಳೆಯೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಬೇಕು. ಎಂದಿನ ಹೊತ್ತಿಗೇ ಊಟ, ಓಡಾಟ ನಡೆದರೆ ಅವಳಿಗೆ ಒಳ್ಳೆಯದು. ಈ ವಾರ ಸಂಜೆ 6ಕ್ಕೆ ಅವಳನ್ನು ಸುತ್ತಾಡಿಸಲು ಯಾರು ಬರುತ್ತೀರಿ? ಇವತ್ತು ನಾನು ಹೋಗುತ್ತೇನೆ. ನಾಳೆಯಿಂದ ಆಗುವವರು ಇಲ್ಲೇ ತಿಳಿಸಿ.