ಆಲೂಗಡ್ಡೆ ಸಿನಿಮಾ ಬಗ್ಗೆ ಮಂಜುಗೆ

ಪ್ರೀತಿಯ ಮಂಜು,

'ಜಾನ್ ಡೀಲ್‌ಮನ್' ಸಿನಿಮಾ ನೋಡಿ ನೀನು ಕಳಿಸಿದ ವಾಯ್ಸ್ ಮೆಸೇಜು ಕೇಳಿದೆ. "ಮೂರೂಕಾಲು ಗಂಟೆ ಆಲೂಗಡ್ಡೆ ಸುಲಿಯೋದನ್ನ ತೋರಿಸಿದ್ಯಲ್ಲೋ, ನಾನು ನಿಂಗೇನು ಅನ್ಯಾಯ ಮಾಡಿದ್ದೆ?" ಅಂತ ಶುರು ಮಾಡಿ, ಇದನ್ನು ಪ್ರಪಂಚದ ನಂಬರ್ ಒನ್ ಸಿನಿಮಾ ಅಂದವರಿಗೆಲ್ಲ ಮಂಗಳಾರತಿ ಎತ್ತಿ, ಕೊನೆಗೆ "ಒಂದೂವರೆ ಸ್ಪೀಡಲ್ಲಿ ಹಾಕ್ಕೊಂಡು ಮುಗಿಸಿದೆ" ಅಂತ ನಿಲ್ಲಿಸಿದ್ದೀಯ. ಹಿಂದೆ ಸುಮಾ ನಗುತ್ತಿದ್ದುದೂ ಕೇಳಿಸಿತು. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕುತ್ತೇನೆ. ಸಿನಿಮಾದ ಕೊನೆಯನ್ನೂ ಹೇಳಿಬಿಡುತ್ತೇನೆ. ನೋಡಬೇಕು ಅಂತಿರುವವರು ನೋಡಿಕೊಂಡು ಬಂದು ಓದಿ.

ನಿನಗೆ ಬೋರಾಯಿತು ಅನ್ನುವುದಕ್ಕೆ ನನ್ನ ತಕರಾರಿಲ್ಲ. ನಿನಗಿಂತ ಮೊದಲೇ ತುಂಬಾ ಜನಕ್ಕೆ ಬೋರಾಗಿದೆ. 1975ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕರ ವಿಭಾಗದಲ್ಲಿ ಇದನ್ನು ತೋರಿಸಿದಾಗ ಜನ ಒಬ್ಬೊಬ್ಬರೇ ಎದ್ದು ಹೋದರಂತೆ. ನಿರ್ದೇಶಕಿ ಶಾಂತಾಲ್ ಆಕರ್‌ಮನ್ ಮತ್ತು ಜಾನ್ ಪಾತ್ರ ಮಾಡಿದ ನಟಿ ಡೆಲ್ಫೀನ್ ಸೆರಿಗ್ ಹಿಂದೆ ಕೂತಿದ್ದರು. ಎದ್ದವರ ಸೀಟು ಮಡಚಿಕೊಳ್ಳುವ ದಡ್ ದಡ್ ಸದ್ದು ಕೇಳಿಸುತ್ತಲೇ ಇತ್ತು, ಜನಕ್ಕೆ ಇದನ್ನು ಸಹಿಸೋಕೆ ಆಗುತ್ತಿಲ್ಲ ಅಂತ ಆಗಲೇ ಗೊತ್ತಾಯಿತು ಅಂತ ಆಕರ್‌ಮನ್ ಆಮೇಲೆ ಹೇಳಿಕೊಂಡಿದ್ದಾರೆ. ಮರುದಿನವೇ ಬೇರೆ ಬೇರೆ ಚಿತ್ರೋತ್ಸವಗಳಿಂದ ಕರೆ ಬರೋಕೆ ಶುರುವಾಯಿತು. ಆಗ ಆಕೆಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ ಕಣೋ.

ಈಗಿನ ಗಲಾಟೆಗೆ ಕಾರಣ ಪ್ರಪಂಚದ ಅತ್ಯುತ್ತಮ ಸಿನಿಮಾಗಳ ಆ ಪಟ್ಟಿ. ಬ್ರಿಟನ್ನಿನ ಸಿನಿಮಾ ಪತ್ರಿಕೆ 'ಸೈಟ್ ಅಂಡ್ ಸೌಂಡ್' ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ತೆಗೆದುಕೊಂಡು ಮಾಡುವಂಥದ್ದು. 1962ರಿಂದ 2002ರವರೆಗೆ 'ಸಿಟಿಜನ್ ಕೇನ್' ಮೇಲಿತ್ತು, 2012ರಲ್ಲಿ 'ವರ್ಟಿಗೊ' ಬಂತು. ಆವಾಗ ಮೂವತ್ತೈದರ ಆಚೀಚೆ ಇದ್ದ ನಮ್ಮ 'ಜಾನ್ ಡೀಲ್‌ಮನ್' 2022ರಲ್ಲಿ ಒಂದೇ ನೆಗೆತಕ್ಕೆ ಒಂದನೇ ಸ್ಥಾನಕ್ಕೆ ಹೋಯಿತು. ಹೆಣ್ಣೊಬ್ಬಳು ಮಾಡಿದ ಸಿನಿಮಾ ಅಲ್ಲಿ ಕೂತದ್ದು ಅದೇ ಮೊದಲು. ಮತ ಹಾಕಿದವರು 1600ಕ್ಕೂ ಹೆಚ್ಚು. 'ಟ್ಯಾಕ್ಸಿ ಡ್ರೈವರ್' ಬರೆದ ಪಾಲ್ ಶ್ರೇಡರ್ ಸಿಟ್ಟಾದರು. ಆತನಿಗೆ ಈ ಸಿನಿಮಾ ಇಷ್ಟ, ದೊಡ್ಡ ಸಿನಿಮಾ ಅಂತಲೇ ಹೇಳಿದರು. ಆದರೆ ಹೀಗೆ ಏಕಾಏಕಿ ಮೇಲೆ ಕೂರಿಸಿದ್ದರಿಂದ ಅದಕ್ಕೆ ಉಪಕಾರವಾಗಲಿಲ್ಲ ಅಂದರು. ನಾನು ಶ್ರೇಡರ್ ಕಡೆ. ನಂಬರ್ ಒನ್ ಅಂತ ಬೋರ್ಡು ಹಾಕಿದ ಮೇಲೆ ಜನ "ತೋರಿಸು ನೋಡೋಣ" ಅಂತ ತೋಳು ಮಡಚಿಕೊಂಡೇ ಕೂರುತ್ತಾರೆ. ನೀನೂ ಹಾಗೇ ಕೂತೆ ಅಲ್ವಾ?

ಆದರೆ ಆ ಒಂದೂವರೆ ಸ್ಪೀಡು ಮಾತ್ರ ನನಗೆ ಹಿಡಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಜಾನ್ ವಿಧವೆ. ಬ್ರಸೆಲ್ಸ್‌ನಲ್ಲಿ ಹೈಸ್ಕೂಲ್ ವಯಸ್ಸಿನ ಮಗನ ಜೊತೆ ಇದ್ದಾಳೆ. ಮೂರು ದಿನದ ಕತೆ. ಬೆಳಗ್ಗೆ ಮಗನ ಶೂ ಪಾಲಿಶ್, ಕಾಫಿ, ಹಾಸಿಗೆ ಮಡಚುವುದು, ಅಂಗಡಿ, ಅಡುಗೆ. ಮಧ್ಯಾಹ್ನ ಒಲೆಯ ಮೇಲೆ ಆಲೂಗಡ್ಡೆ ಇಟ್ಟಿರುವಾಗ ಬಾಗಿಲ ಬೆಲ್ಲಿನ ಸದ್ದು. ಒಬ್ಬ ಗಂಡಸು ಬರುತ್ತಾನೆ. ಇಬ್ಬರೂ ಮಲಗುವ ಕೋಣೆಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತೆ. ನಮಗೆ ಕಾಣುವುದು ಖಾಲಿ ಪಡಸಾಲೆ ಮಾತ್ರ. ಬೆಳಕು ಕಡಿಮೆಯಾಗುತ್ತೆ, ಬಾಗಿಲು ತೆರೆಯುತ್ತೆ, ಅವನು ದುಡ್ಡು ಕೊಟ್ಟು ಹೋಗುತ್ತಾನೆ. ಅವಳು ಅದನ್ನು ಊಟದ ಮೇಜಿನ ಮೇಲಿನ ಸೂಪಿನ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಅಷ್ಟು ಹೊತ್ತಿಗೆ ಆಲೂಗಡ್ಡೆ ಹದವಾಗಿ ಬೆಂದಿರುತ್ತೆ. ಸಿನಿಮಾ ಇದನ್ನು ಕೆಟ್ಟದ್ದು ಅಂತಲೂ ಹೇಳುವುದಿಲ್ಲ, ಪಾಪ ಅಂತಲೂ ಹೇಳುವುದಿಲ್ಲ. ಶೂ ಪಾಲಿಶ್ ಹೇಗೋ ಇದೂ ಹಾಗೆ, ಆ ದಿನದ ಒಂದು ಕೆಲಸ.

ಒಂದು ಕೋಣೆಯಿಂದ ಹೊರಗೆ ಬಂದರೆ ಅವಳು ಲೈಟು ಆರಿಸಿಯೇ ಬರುತ್ತಾಳೆ, ನೋಡಿದೆಯಾ? ಮೊದಲನೇ ದಿನ ಪ್ರತಿ ಸಲ. ಕ್ಯಾಮೆರಾ ಒಂದಿಂಚೂ ಅಲ್ಲಾಡುವುದಿಲ್ಲ, ಮುಖದ ಹತ್ತಿರಕ್ಕೂ ಹೋಗುವುದಿಲ್ಲ. ರೇಡಿಯೋ ಬಿಟ್ಟರೆ ಹಿನ್ನೆಲೆ ಸಂಗೀತ ಅಂತ ಇಲ್ಲ. ಒಂದು ಗಂಟೆ ದಾಟುವಷ್ಟರಲ್ಲಿ ಆ ಮನೆಯಲ್ಲಿ ಯಾವುದಾದ ಮೇಲೆ ಯಾವುದು, ಯಾವುದಕ್ಕೆ ಎಷ್ಟು ಹೊತ್ತು ಅಂತ ನಮಗೇ ಗೊತ್ತಿಲ್ಲದ ಹಾಗೆ ಬಾಯಿಪಾಠ ಆಗಿಬಿಡುತ್ತೆ.

ಎರಡನೇ ದಿನ ಗಿರಾಕಿ ಹೋದ ಮೇಲೆ ಅವಳ ಕೂದಲು ಕೆದರಿದೆ. ದುಡ್ಡು ಹಾಕುತ್ತಾಳೆ, ಬಟ್ಟಲಿನ ಮುಚ್ಚಳ ಮುಚ್ಚುವುದು ಮರೆಯುತ್ತಾಳೆ. ಆಲೂಗಡ್ಡೆ ಜಾಸ್ತಿ ಬೆಂದುಹೋಗಿದೆ. ಪಾತ್ರೆ ಹಿಡಿದುಕೊಂಡು ಎಲ್ಲಿಡಬೇಕು ಅಂತ ತಿಳಿಯದೆ ಅಡುಗೆಮನೆಯಿಂದ ಆಚೆ ಹೋಗುತ್ತಾಳೆ, ಮತ್ತೆ ಒಳಗೆ ಬರುತ್ತಾಳೆ. ಚೆಲ್ಲುತ್ತಾಳೆ. ನೀನು ಬೈದೆಯಲ್ಲ, ಆ ಸುಲಿಯುವ ದೃಶ್ಯ ಬರುವುದು ಇದಾದ ಮೇಲೆ. ಅಂಗಡಿಗೆ ಹೋಗಿ ಬೇರೆ ಆಲೂಗಡ್ಡೆ ತಂದು ಮೇಜಿನ ಮುಂದೆ ಕೂತಿದ್ದಾಳೆ. ಚಾಕು ಒಂದೊಂದು ಸಲ ನಿಧಾನವಾಗುತ್ತೆ, ನಿಂತೂ ಬಿಡುತ್ತೆ, ಮತ್ತೆ ಶುರುವಾಗುತ್ತೆ. ನೆನ್ನೆ ಅವಳ ಕೈ ಹೀಗೆ ನಿಲ್ಲುತ್ತಿರಲಿಲ್ಲ. ಒಂದೂವರೆ ಸ್ಪೀಡಿನಲ್ಲಿ ಆ ನಿಲ್ಲುವುದೇ ಹೊರಟುಹೋಗುತ್ತೆ. ಉಳಿಯುವುದು ಸಿಪ್ಪೆ. ಈ ಸಿನಿಮಾದಲ್ಲಿ ಡೈಲಾಗು ಕಡಿಮೆ, ಅವಳು ಅಳುವುದಿಲ್ಲ, ಹೇಳಬೇಕಾದ್ದನ್ನೆಲ್ಲ ಹೊತ್ತಿನಲ್ಲೇ ಹೇಳಿದ್ದಾರೆ. ಹೊತ್ತನ್ನು ಕತ್ತರಿಸಿದರೆ ಮಾತನ್ನೇ ಕತ್ತರಿಸಿದ ಹಾಗೆ.

ನಿಧಾನ ಅಂದ ಮಾತ್ರಕ್ಕೆ ತಲೆಬಾಗುವವನಲ್ಲ ನಾನು. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಪ್ರಾದೇಶಿಕ ಚಿತ್ರ ಹಾಕುತ್ತಿದ್ದರಲ್ಲ, ಎತ್ತಿನ ಗಾಡಿ ಆ ತುದಿಯಿಂದ ಈ ತುದಿಗೆ ಬರೋವರೆಗೆ ನಾವು ಕಾಯಬೇಕು ಅಂತ ನಿಮ್ಮ ಮಾವ ಬೈಯುತ್ತಿದ್ದರು. ಕೆಲವು ಸಿನಿಮಾಗಳ ಬಗ್ಗೆ ಅವರು ಹೇಳುತ್ತಿದ್ದುದು ಸರಿಯೇ. ಆ ಗಾಡಿ ಎಷ್ಟು ಹೊತ್ತು ಹೋದರೂ ನಮಗೆ ಹೊಸದೇನೂ ತಿಳಿಯುತ್ತಿರಲಿಲ್ಲ.

ಸಾಮಾನ್ಯವಾಗಿ ಇಲ್ಲಿ ಒಂದು ಮಾತು ಬರುತ್ತೆ: ಇದು ಹೆಂಗಸರಿಗೆ ಅರ್ಥವಾಗುತ್ತೆ, ಗಂಡಸರಿಗೆ ಆಗಲ್ಲ ಅಂತ. ಆಲೂಗಡ್ಡೆ ಬೆಂದು ಮುದ್ದೆಯಾದಾಗ ತನಗೆ ಕೈಕಾಲು ತಣ್ಣಗಾಯಿತು ಅಂತ ಸುಮಾ ಹೇಳಿದಳು ನಿಜ. ಆದರೆ ನಮ್ಮ ಅಕ್ಕನಿಗೂ ತೋರಿಸಿದೆ. ಮೊದಲನೇ ದಿನದ ಊಟ ಮುಗಿಯುವುದರೊಳಗೆ ಎದ್ದಳು. "ದಿನಾ ಮಾಡೋದು ಸಾಲ್ದು ಅಂತ ಕೂತ್ಕೊಂಡು ಬೇರೆ ನೋಡ್ಲಾ?" ಅಂದಳು. ಈ ಸಿನಿಮಾ ವಿರುದ್ಧ ನಾನು ಕೇಳಿದ ಮಾತುಗಳಲ್ಲಿ ಇದಕ್ಕೆ ಮಾತ್ರ ನನ್ನ ಹತ್ತಿರ ಜವಾಬಿಲ್ಲ. ಆಕರ್‌ಮನ್ ತನ್ನ ಅಮ್ಮ, ಚಿಕ್ಕಮ್ಮಂದಿರು ಮಾಡುತ್ತಿದ್ದ ಕೆಲಸ ನೋಡುತ್ತಲೇ ಬೆಳೆದವಳು. ಅಮ್ಮ ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವರು. ಯಾರೂ ತೆರೆಯ ಮೇಲೆ ತರದ ಆ ಕೆಲಸಕ್ಕೆ ಒಂದು ಬೆಲೆ ಕೊಡಬೇಕು ಅನ್ನುವುದು ಆಕೆಯ ಆಸೆ. ಅದಕ್ಕೇ ಸೊಗಸುಗಾತಿ ಅಂತ ಹೆಸರಾದ ಸೆರಿಗ್‌ಳನ್ನೇ ಸಿಂಕಿನ ಮುಂದೆ ನಿಲ್ಲಿಸಿದ್ದು. ಪಾತ್ರೆ ತಿಕ್ಕುತ್ತಾ ಕಂಡರೆ ವಿಚಿತ್ರ ಅನ್ನಿಸುವಂಥ ಹೆಂಗಸೇ ಬೇಕಿತ್ತು. ಆದರೆ ಅಕ್ಕನಿಗೆ ಆ ಬೆಲೆ ಬೇಕಿಲ್ಲ, ಒಂದು ಮಧ್ಯಾಹ್ನ ರಜಾ ಬೇಕು. ನಾನು ಸುಮ್ನೆ ಟಿವಿ ಆರಿಸಿ ಕಾಫಿಗೆ ಇಟ್ಟೆ.

ಇನ್ನು ಕೊನೆ. ಮೂರನೇ ದಿನ ಎಲ್ಲ ಹಳಿ ತಪ್ಪಿದೆ. ಬ್ರಶ್ಶು ಕೈಜಾರುತ್ತೆ. ಪೋಸ್ಟ್ ಆಫೀಸಿಗೆ ಬೇಗ ಹೋಗಿಬಿಡುತ್ತಾಳೆ, ಇನ್ನೂ ತೆರೆದಿಲ್ಲ. ಕೆಫೆಯಲ್ಲಿ ಅವಳು ದಿನಾ ಕೂರುವ ಜಾಗದಲ್ಲಿ ಬೇರೆ ಯಾರೋ ಕೂತಿದ್ದಾರೆ. ಕಾಫಿ ರುಚಿ ಕೆಟ್ಟಿದೆ ಅಂತ ಚೆಲ್ಲಿ ಮತ್ತೆ ಮಾಡುತ್ತಾಳೆ. ಆಮೇಲೆ ಮೊದಲ ಸಲ ಗಿರಾಕಿ ಇರುವಾಗಲೂ ಕ್ಯಾಮೆರಾ ಮಲಗುವ ಕೋಣೆಯೊಳಗೆ ಇರುತ್ತೆ, ಅವಳು ಕತ್ತರಿ ತೆಗೆದುಕೊಂಡು ಆ ಗಂಡಸನ್ನು ಚುಚ್ಚಿ ಕೊಲ್ಲುತ್ತಾಳೆ. "ಅಂತೂ ಕೊನೇಲಿ ಏನೋ ಒಂದಾಯ್ತು" ಅಂದೆ ನೀನು. ನನಗೆ ತೊಂದರೆ ಇರುವುದು ಅಲ್ಲೇ. ಮೇಜಿನ ಮೇಲೆ ಲೋಟ ಕುಕ್ಕಿದಾಗ ಹಾಲು ಚೆಲ್ಲಿಬಿಡುತ್ತೇನೋ ಅನ್ನಿಸುತ್ತಲ್ಲ, ಆ ಗಳಿಗೆಗೂ ಕೊಲೆಗೂ ಒಂದೇ ತೂಕ ಅನ್ನುವ ಅರ್ಥದಲ್ಲಿ ಆಕರ್‌ಮನ್ ಮಾತಾಡಿದ್ದಾರೆ. ಒಪ್ಪಿದೆ. ಹಾಗಿದ್ದ ಮೇಲೆ ಕೊಲೆ ಯಾಕೆ ಬೇಕಿತ್ತು? ಕಾಫಿಯಲ್ಲೇ ಎಲ್ಲ ಆಗಿತ್ತಲ್ಲ. ಕೊಲೆ ಬಂದಿದ್ದರಿಂದ ಅಲ್ಲಿವರೆಗಿನದ್ದೆಲ್ಲ ಅದಕ್ಕೆ ಪೀಠಿಕೆ ಅನ್ನಿಸಿಬಿಡುತ್ತೆ, ನಿನ್ನಂಥವರು ಆಕಳಿಸುತ್ತಾ ಅದಕ್ಕೇ ಕಾಯುತ್ತೀರಿ. ಸುಮಾ ಒಪ್ಪಲ್ಲ, ಗೊತ್ತು. ಕತ್ತರಿ ಇಲ್ಲದಿದ್ದರೆ ನಾಲ್ಕನೇ ದಿನವೂ ಬರುತ್ತಿತ್ತು ಅಂತ ಅವಳ ವಾದ. ಅವಳ ಮಾತಿನಲ್ಲೂ ಹುರುಳಿದೆ. ನಿನಗಿಂತ ಅವಳ ಜೊತೆ ಜಗಳ ಆಡುವುದೇ ವಾಸಿ.

ನೀನು ಇದನ್ನು ಮತ್ತೆ ನೋಡುವುದು ಬೇಡ, ಬಲವಂತ ಇಲ್ಲ. ಅದರ ಬದಲು ಆಕರ್‌ಮನ್ ಹದಿನೆಂಟರ ಹುಡುಗಿಯಾಗಿದ್ದಾಗ, 1968ರಲ್ಲಿ ಮಾಡಿದ ಮೊದಲ ಕಿರುಚಿತ್ರ ನೋಡು, 'ಸೋತ್ ಮಾ ವಿಲ್'. ಹದಿಮೂರೇ ನಿಮಿಷ. ಅದೂ ಅಡುಗೆಮನೆಯೇ. ತಾನೇ ಗುನುಗಿಕೊಳ್ಳುತ್ತಾ ಸ್ಪಾಗೆಟ್ಟಿ ತಿಂದು, ಸಾಮಾನೆಲ್ಲ ನೆಲಕ್ಕೆ ಸುರಿದು, ಶೂ ಜೊತೆ ಕಾಲಿಗೂ ಪಾಲಿಶ್ ಹಚ್ಚಿ, ಕೊನೆಗೆ ಗ್ಯಾಸ್ ಬಿಟ್ಟು ಎಲ್ಲವನ್ನೂ ಸಿಡಿಸುತ್ತಾಳೆ. ಅಲ್ಲಿ ನಿಧಾನ ಅನ್ನುವುದೇ ಇಲ್ಲ. ಅಕ್ಕನಿಗೂ ಲಿಂಕ್ ಕಳಿಸಿದ್ದೇನೆ, ನೋಡಿದಳೋ ಇಲ್ಲವೋ ಹೇಳಿಲ್ಲ. ದಸರಾ ರಜೆಗೆ ಬರುತ್ತೀಯಲ್ಲ, ಸುಮಾನ ಬಿಟ್ಟು ಬರಬೇಡ.

ನಿನ್ನ,
ಶೀನ